ಬೋಧಕನಿಂದ ಕಾದಂಬರಿಕಾರನವರೆಗೆ: ಶಿವರಾಮ ಕಾರಂತರ ದಾರಿ

ಕೋಟ ಶಿವರಾಮ ಕಾರಂತರನ್ನು ಹೊಸ ಓದುಗರಿಗೆ ಪರಿಚಯಿಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ ಅವರ ಕೆಲಸದ ಹರವು. 47 ಕಾದಂಬರಿಗಳು, ಹತ್ತಾರು ನಾಟಕಗಳು, ಯಕ್ಷಗಾನದ ಸಂಶೋಧನೆ, ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ', ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ', ಒಂದು ಅರ್ಥಕೋಶ, ಪ್ರವಾಸಕಥನಗಳು, ಆತ್ಮಕಥೆ, ಮೂಕಚಿತ್ರಗಳ ಕಾಲದಲ್ಲಿ ಸಿನಿಮಾ ತಯಾರಿಕೆ, ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ, ಮುಪ್ಪಿನಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ಹೋರಾಟ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. 'ಕಡಲತೀರದ ಭಾರ್ಗವ', 'ನಡೆದಾಡುವ ವಿಶ್ವಕೋಶ' ಎಂಬ ಬಿರುದುಗಳು ಈ ಪಟ್ಟಿಗೆ ಸಲ್ಲುವ ಗೌರವವನ್ನು ಸಲ್ಲಿಸುತ್ತವೆ, ಆದರೆ ಓದುಗರಿಗೆ ನಿಜವಾಗಿ ಬೇಕಾದ ಎರಡು ಪ್ರಶ್ನೆಗಳಿಗೆ ಅವುಗಳಿಂದ ಉತ್ತರ ಸಿಗುವುದಿಲ್ಲ. ಇಷ್ಟೊಂದು ದಿಕ್ಕಿಗೆ ಹರಿದ ಮನಸ್ಸು ಕಾದಂಬರಿಯಲ್ಲಿಯೇ ತನ್ನ ಅತ್ಯುತ್ತಮ ಫಲವನ್ನು ಕೊಟ್ಟದ್ದು ಏಕೆ? ಆ ಕಾದಂಬರಿಗಳಲ್ಲಿಯೂ ಕೆಲವು ಮಹಾಕೃತಿಗಳಾಗಿ, ಮತ್ತೆ ಕೆಲವು ವಾದಗ್ರಂಥಗಳಂತೆ ಸೊರಗಿದ್ದು ಏಕೆ?

ಈ ಎರಡೂ ಪ್ರಶ್ನೆಗಳಿಗೆ ಉತ್ತರ ಅವರ ಬದುಕಿನ ಮೊದಲ ಮೂವತ್ತು ವರ್ಷಗಳಲ್ಲಿ ಇದೆ ಎಂಬುದು ನನ್ನ ನಂಬಿಕೆ. ಕಾರಂತರು ಬೋಧಕರಾಗಿ ಆರಂಭಿಸಿದರು. ಜನರನ್ನು ತಿದ್ದಬೇಕೆಂದು ಹೊರಟವರು, ತಿದ್ದುವುದಕ್ಕೆ ಮುನ್ನ ಜನರನ್ನು ನೋಡಬೇಕು ಎಂಬುದನ್ನು ಕಷ್ಟಪಟ್ಟು ಕಲಿತರು. ಆ ನೋಟವೇ ಮುಂದಾದಲ್ಲಿ ಅವರ ಕಾದಂಬರಿ ಗೆಲ್ಲುತ್ತದೆ, ಹಳೆಯ ಬೋಧಕ ಮರಳಿ ಬಂದು ಕುಳಿತಲ್ಲಿ ಕಾದಂಬರಿ ಬಳಲುತ್ತದೆ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಆಗ ಅದು ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ ಬಯಲು, ಮಳೆಗಾಲದಲ್ಲಿ ಉಕ್ಕಿ ಬರುವ ಹೊಳೆ, ಚಳಿಗಾಲದ ರಾತ್ರಿಗಳಲ್ಲಿ ಯಕ್ಷಗಾನದ ಚಂಡೆ ಇರುವ ಸೀಮೆಯದು. ಆ ಸೀಮೆಯ ಬ್ರಾಹ್ಮಣ ಮನೆಗಳ ಮಡಿ, ಪೌರೋಹಿತ್ಯ, ಬಡತನ, ಜಿಪುಣತನ, ಹಟ, ದುಡಿಮೆ ಇವೆಲ್ಲವನ್ನೂ ಒಳಗಿನಿಂದಲೇ ಕಂಡ ಹುಡುಗ ಮುಂದೆ ಅವನ್ನು ಹೊರಗಿನವನ ನಿಷ್ಠುರತೆಯಿಂದ ಬರೆಯಬಲ್ಲವನಾದ.

ಮಂಗಳೂರಿನಲ್ಲಿ ಕಾಲೇಜಿಗೆ ಸೇರಿದ್ದ ಅವರು, ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು 1920ರ ದಶಕದ ಆರಂಭದಲ್ಲಿಯೇ ಓದನ್ನು ಬಿಟ್ಟರು. ಆಮೇಲಿನ ಐದಾರು ವರ್ಷಗಳು ಪೂರ್ತಿ ಪ್ರಚಾರಕನ ಬದುಕು. ಖಾದಿ, ಸ್ವದೇಶಿ, ಪಾನನಿರೋಧ, ವಿಧವಾವಿವಾಹ, ವೇಶ್ಯೆಯರ ಉದ್ಧಾರ ಎಂದು ಊರೂರು ತಿರುಗಿದರು. 'ವಸಂತ' ಎಂಬ ಪತ್ರಿಕೆಯನ್ನು ನಡೆಸಿದರು. ಆದರ್ಶ ಎಷ್ಟು ತೀವ್ರವಾಗಿತ್ತೆಂದರೆ ಬ್ರಹ್ಮಚರ್ಯ, ಅಧ್ಯಾತ್ಮ, ಸಂನ್ಯಾಸ ಎಲ್ಲವೂ ಅವರನ್ನು ಒಂದಲ್ಲ ಒಂದು ಹೊತ್ತಿನಲ್ಲಿ ಸೆಳೆದವು. ಈ ದಿನಗಳ ಕಥೆಯನ್ನು ಅವರು 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂಬ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಕೈಹಾಕಿದ ಕೆಲಸ ಕೈಗೂಡದಿದ್ದಾಗ ಅದರ ಹೊಣೆಯನ್ನು ಜನರ ಮೇಲೆ ಹೊರಿಸದೆ, ತನ್ನ ಕಲ್ಪನೆಗೂ ಜನರ ಬದುಕಿಗೂ ನಡುವೆ ಇದ್ದ ದೂರವನ್ನು ಪರೀಕ್ಷಿಸುವ ಗುಣ ಆ ಪುಸ್ತಕದ ಉದ್ದಕ್ಕೂ ಕಾಣುತ್ತದೆ.

ಈ ಅವಧಿಯಲ್ಲಿ ಅವರು ಬರೆದ ಮೊದಮೊದಲ ಕಾದಂಬರಿಗಳನ್ನು ಇಂದು ಓದುವವರು ವಿರಳ, ಅದರಲ್ಲಿ ಅನ್ಯಾಯವೇನೂ ಇಲ್ಲ. ಪತ್ತೇದಾರಿ ಬಗೆಯ 'ವಿಚಿತ್ರಕೂಟ', ನತದೃಷ್ಟ ಹೆಣ್ಣಿನ ಪಾಡನ್ನು ಹೇಳುವ 'ನಿರ್ಭಾಗ್ಯ ಜನ್ಮ' ಇವುಗಳಲ್ಲಿ ಬರೆಯುವವನ ಉದ್ದೇಶ ಪಾತ್ರಗಳಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ. ಅದೇ ವಸ್ತುವನ್ನು, ಅಂದರೆ ಸಮಾಜ ದೂರವಿಟ್ಟ ಹೆಣ್ಣಿನ ಬದುಕನ್ನು, ನಾಲ್ಕು ದಶಕಗಳ ಅನಂತರ ಅವರು ಮತ್ತೊಮ್ಮೆ ಕೈಗೆತ್ತಿಕೊಂಡಾಗ ಏನಾಯಿತು ಎಂಬುದನ್ನು ನೋಡಿದರೆ ಅವರು ನಡೆದು ಬಂದ ದೂರ ತಿಳಿಯುತ್ತದೆ. 1970ರ 'ಮೈ ಮನಗಳ ಸುಳಿಯಲ್ಲಿ' ಕಾದಂಬರಿಯ ಮಂಜುಳೆ ಕಲಾವಂತರ ಕುಲದವಳು. ತನ್ನ ಬಾಳನ್ನು ತಾನೇ ಬರೆದಿಟ್ಟ ಹೆಣ್ಣು. ಅವಳನ್ನು ಯಾರೂ ಉದ್ಧರಿಸುವುದಿಲ್ಲ, ಅವಳು ಯಾರ ಕರುಣೆಯನ್ನೂ ಬೇಡುವುದಿಲ್ಲ. ಸಂಗೀತವನ್ನು ಪ್ರೀತಿಸಿದವಳು, ಗಂಡಸರನ್ನು ತೂಗಿ ನೋಡಿದವಳು, ಮೋಸ ಯಾವುದು ಸ್ನೇಹ ಯಾವುದು ಎಂದು ಬಲ್ಲವಳು. ಸಮಾಜಸುಧಾರಕನ ಕಣ್ಣಿಗೆ ಸಮಸ್ಯೆಯಾಗಿ ಕಂಡಿದ್ದ ಹೆಣ್ಣು ಕಾದಂಬರಿಕಾರನ ಕಣ್ಣಿಗೆ ಬುದ್ಧಿಯುಳ್ಳ, ಅಭಿರುಚಿಯುಳ್ಳ ಒಬ್ಬ ವ್ಯಕ್ತಿಯಾಗಿ ಕಂಡಳು.

ಈ ಬದಲಾವಣೆಗೆ ನೆಲ ಒದಗಿಸಿದ್ದು ಪುತ್ತೂರು. ಸಹಕಾರ ಚಳವಳಿಯ ಮುಂದಾಳು ಮೊಳಹಳ್ಳಿ ಶಿವರಾಯರ ಒತ್ತಾಸೆಯಿಂದ ಕಾರಂತರ ಚಟುವಟಿಕೆಗಳು ಅಲ್ಲಿ ಬೇರೂರಿದವು. ದಸರಾ ದಿನಗಳಲ್ಲಿ ನಾಡಹಬ್ಬ ನಡೆಸುವುದು, ಮಕ್ಕಳಿಗೆ ನಾಟಕ ಕಲಿಸುವುದು, ಹೊಸ ಬಗೆಯ ಶಾಲೆಗಾಗಿ 'ಬಾಲವನ'ವನ್ನು ಕಟ್ಟುವುದು, ಹಳ್ಳಿಹಳ್ಳಿ ಸುತ್ತುವುದು ಅವರ ದಿನಚರಿಯಾಯಿತು. 1936ರಲ್ಲಿ ಅವರು ಬಂಟ ಸಮುದಾಯದ ಲೀಲಾ ಆಳ್ವರನ್ನು ಮದುವೆಯಾದರು. ಜಾತಿ ಮೀರಿದ ಮದುವೆ ಅಂದಿನ ಕರಾವಳಿಯಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಮನೆ, ಮಕ್ಕಳು, ಬಂದುಹೋಗುವ ಅತಿಥಿಗಳು, ಅಚ್ಚುಕೂಟದ ಸಾಲ, ಇವುಗಳ ನಡುವೆ ಕಾರಂತರು ಅಷ್ಟನ್ನು ಬರೆಯಲು ಸಾಧ್ಯವಾದದ್ದರಲ್ಲಿ ಲೀಲಾ ಅವರ ಪಾಲು ದೊಡ್ಡದು. ಕಾರಂತರು ಹೇಳುತ್ತ ಹೋದಂತೆ ಕಾದಂಬರಿಗಳನ್ನು ಬರೆದುಕೊಂಡವರೂ ಅವರೇ. ಮುಂದೆ ಸಾಲಿಗ್ರಾಮದ ದಿನಗಳಲ್ಲಿ ಆ ಕೆಲಸವನ್ನು ಮಾಲಿನಿ ಮಲ್ಯರು ವಹಿಸಿಕೊಂಡರು, ಕಾರಂತರ ಚೆದುರಿದ ಲೇಖನಗಳನ್ನು ಸಂಪುಟಗಳಾಗಿ ಒಟ್ಟುಗೂಡಿಸಿದವರೂ ಅವರೇ. ದೊಡ್ಡ ಲೇಖಕರ ಚರಿತ್ರೆಯಲ್ಲಿ ಇಂಥ ದುಡಿಮೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವ ರೂಢಿಯಿದೆ. ಕಾರಂತರ ವಿಷಯದಲ್ಲಿ ಅದು ಸಲ್ಲದು, ಏಕೆಂದರೆ ಅವರ ಗದ್ಯದ ಗುಣವೇ ಈ ಹೇಳಿ ಬರೆಸುವ ಕ್ರಮದಿಂದ ರೂಪುಗೊಂಡಿರುವಂತೆ ತೋರುತ್ತದೆ. ಅದು ಮಾತಿನ ಓಟವುಳ್ಳ ಗದ್ಯ. ಅಲಂಕಾರ ಕಡಿಮೆ, ತಿದ್ದಿ ತೀಡಿದ ನುಣುಪು ಇನ್ನೂ ಕಡಿಮೆ, ಎದುರಿಗೆ ಕೇಳುವವರು ಕುಳಿತಿದ್ದಾರೆಂಬ ಅರಿವು ಮಾತ್ರ ಸದಾ ಇದೆ.

1933ರಲ್ಲಿ 'ಚೋಮನ ದುಡಿ' ಬಂತು. ಕಥೆ ಸಣ್ಣದು. ಅಸ್ಪೃಶ್ಯ ಜಾತಿಯ ಚೋಮ ಸಂಕಪ್ಪಯ್ಯನ ಒಕ್ಕಲಿನಲ್ಲಿ ದುಡಿಯುವ ಮೂಲದಾಳು. ಅವನಿಗಿರುವುದು ಒಂದೇ ಆಸೆ, ತುಂಡು ನೆಲವನ್ನು ಗೇಣಿಗೆ ಪಡೆದು ತಾನೇ ಬೇಸಾಯ ಮಾಡಬೇಕು. ಕಾಡಿನಲ್ಲಿ ಸಿಕ್ಕಿದ ಎತ್ತುಗಳನ್ನು ಅದಕ್ಕೆಂದೇ ಸಾಕಿಕೊಂಡಿದ್ದಾನೆ. ಅವನ ಜಾತಿಯವರು ಭೂಮಿಯನ್ನು ಸಾಗುವಳಿ ಮಾಡುವ ಹಾಗಿಲ್ಲ ಎಂಬ ಕಟ್ಟು ಅವನ ಆಸೆಗೆ ಅಡ್ಡ ನಿಂತಿದೆ. ಹಳೆಯ ಸಾಲವನ್ನು ತೀರಿಸಲು ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ, ಒಬ್ಬ ಮಗ ಕಾಯಿಲೆಯಿಂದ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಮತಾಂತರಗೊಳ್ಳುತ್ತಾನೆ. ಮಗಳು ಬೆಳ್ಳಿ ಮನೆಯ ಭಾರ ಹೊರಲು ಹೋಗಿ ತೋಟದ ರೈಟರನ ಬಲೆಗೆ ಬೀಳುತ್ತಾಳೆ. ಕಿರಿಯ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದ ಮೇಲ್ಜಾತಿಯವರು ಮುಟ್ಟಬಾರದೆಂಬ ಕಾರಣಕ್ಕೆ ಕೈಕಟ್ಟಿ ನಿಲ್ಲುತ್ತಾರೆ. ಚೋಮನಿಗೆ ಉಳಿಯುವುದು ಅವನ ದುಡಿ ಮಾತ್ರ. ಸಿಟ್ಟು, ಸೋಲು, ಕುಡಿತ, ಪ್ರೀತಿ ಎಲ್ಲವೂ ಅದರ ಬಡಿತದಲ್ಲಿಯೇ ಹೊರಬರುತ್ತವೆ, ಕೊನೆಗೆ ಅವನ ಪ್ರಾಣವೂ.

ಈ ಕೃತಿಯಲ್ಲಿ ಬೋಧಕ ಹಿಂದೆ ಸರಿದಿದ್ದಾನೆ ಎಂಬುದಕ್ಕೆ ಒಂದು ಸನ್ನಿವೇಶ ಸಾಕು. ನೆಲ ಸಿಗಬೇಕಾದರೆ ಮತ ಬಿಡುವುದೊಂದೇ ದಾರಿ ಎಂದುಕೊಂಡು ಚೋಮ ಇಗರ್ಜಿಯ ಕಡೆಗೆ ಹೊರಡುತ್ತಾನೆ. ದಾರಿಯಲ್ಲಿ ತನ್ನ ಮನೆದೈವ ಪಂಜುರ್ಲಿಯ ಗುಡಿ ಎದುರಾದಾಗ ಅವನಿಗೆ ಮುಂದೆ ಹೆಜ್ಜೆಯಿಡಲು ಆಗುವುದಿಲ್ಲ, ಹಿಂದಿರುಗುತ್ತಾನೆ. ಸುಧಾರಕನಾಗಿದ್ದ ಕಾರಂತರು ಇಲ್ಲಿ ಒಂದು ಮಾತು ಆಡಬಹುದಿತ್ತು, ದೈವಭಯವನ್ನು ಹಳಿಯಬಹುದಿತ್ತು ಅಥವಾ ನಿಷ್ಠೆಯೆಂದು ಹೊಗಳಬಹುದಿತ್ತು. ಎರಡನ್ನೂ ಮಾಡದೆ ಅವರು ಚೋಮನ ಕಾಲು ತಡೆದದ್ದನ್ನು ತೋರಿಸಿ ಸುಮ್ಮನಾಗುತ್ತಾರೆ. ಚೋಮ ಬಂಡೇಳುವುದಿಲ್ಲ, ಅವನ ಅಸಹಾಯಕತೆಯನ್ನೇ ಕಾದಂಬರಿ ಹಿರಿದು ಮಾಡಿದೆ ಎಂಬ ಆಕ್ಷೇಪ ದಲಿತ ಚಳವಳಿಯ ಅನಂತರದ ಓದಿನಲ್ಲಿ ಸಹಜವಾಗಿಯೇ ಬಂದಿದೆ. ಆ ಆಕ್ಷೇಪದಲ್ಲಿ ಹುರುಳಿದೆ. ಹೊರಗಿನಿಂದ ನೋಡಿದ ನೋಟಕ್ಕೆ ಒಂದು ಮಿತಿ ಇದ್ದೇ ಇರುತ್ತದೆ. ಆದರೂ ಅಸ್ಪೃಶ್ಯತೆಯನ್ನು ಊಟ, ದೇವಸ್ಥಾನ, ಮಡಿಮೈಲಿಗೆಯ ಪ್ರಶ್ನೆಯಾಗಿ ಮಾತ್ರ ಚರ್ಚಿಸುತ್ತಿದ್ದ ಕಾಲದಲ್ಲಿ ಅದು ಮುಖ್ಯವಾಗಿ ಭೂಮಿಯ ಪ್ರಶ್ನೆ ಎಂದು ಕಂಡುಕೊಂಡದ್ದು ಸಾಮಾನ್ಯ ಒಳನೋಟವಲ್ಲ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಚಲನಚಿತ್ರವಾಗಿಸಿದಾಗ ಅದಕ್ಕೆ ಸ್ವರ್ಣಕಮಲವೂ ಚೋಮನಾಗಿ ಅಭಿನಯಿಸಿದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದವು.

'ಚೋಮನ ದುಡಿ'ಯಲ್ಲಿ ಒಬ್ಬನ ಬಾಳನ್ನು ಹಿಡಿದವರು 'ಮರಳಿ ಮಣ್ಣಿಗೆ'ಯಲ್ಲಿ ಮೂರು ತಲೆಮಾರುಗಳನ್ನು ಹಿಡಿದರು. 1940ರ ದಶಕದ ಆರಂಭದಲ್ಲಿ ಬಂದ ಈ ಕಾದಂಬರಿಯೇ ಕಾರಂತರ ಶ್ರೇಷ್ಠ ಕೃತಿಯೆಂದು ನಾನು ತಿಳಿದಿರುವುದರಿಂದ ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಥೆ ನಡೆಯುವುದು ಕೋಟದ ಬಳಿಯ ಕೋಡಿಯಲ್ಲಿ, ಕಡಲಿಗೂ ಹೊಳೆಗೂ ನಡುವಿನ ಮರಳುನೆಲದಲ್ಲಿ. ಪುರೋಹಿತ ರಾಮ ಐತಾಳ, ಅವನ ಹೆಂಡತಿ ಪಾರೋತಿ, ಮನೆಯ ಆಡಳಿತವನ್ನು ಹಿಡಿದ ವಿಧವೆ ತಂಗಿ ಸರಸೋತಿ. ಮಕ್ಕಳಿಲ್ಲವೆಂದು ಐತಾಳ ಸತ್ಯಭಾಮೆಯನ್ನು ಎರಡನೆಯ ಮದುವೆಯಾಗುತ್ತಾನೆ, ಮಗ ಲಚ್ಚ ಹುಟ್ಟುತ್ತಾನೆ. ನೆರೆಯ ಶೀನ ಮಯ್ಯನ ಮನೆಯವರು ಬೆಂಗಳೂರಿನಲ್ಲಿ ಹೋಟೆಲು ನಡೆಸಿ ದುಡ್ಡು ಕಂಡದ್ದು ಐತಾಳನ ಕಣ್ಣು ಕುಕ್ಕುತ್ತದೆ. ತನ್ನ ಮಗ ಇಂಗ್ಲಿಷ್ ಕಲಿತು ಅವರನ್ನು ಮೀರಬೇಕೆಂಬ ಹಟದಿಂದ ಲಚ್ಚನನ್ನು ಶಾಲೆಗೆ ಕಳುಹಿಸುತ್ತಾನೆ. ಲಚ್ಚ ಕಲಿತದ್ದು ಜೂಜು, ಸೂಳೆಗಾರಿಕೆ, ಸುಳ್ಳು. ಅವನ ಹೆಂಡತಿ ನಾಗವೇಣಿ ಅವನಿಂದ ರೋಗವನ್ನೂ ವಂಚನೆಯನ್ನೂ ಪಡೆಯುತ್ತಾಳೆ. ಸಿಟ್ಟಿಗೆದ್ದ ಐತಾಳ ಆಸ್ತಿಯನ್ನು ಮಗನಿಗೆ ಕೊಡದೆ ಸೊಸೆಯ ಹೆಸರಿಗೆ ಬರೆಯುತ್ತಾನೆ, ಅದನ್ನೂ ಲಚ್ಚ ಕಬಳಿಸುತ್ತಾನೆ. ನಾಗವೇಣಿಯ ಮಗ ರಾಮ ಮದರಾಸಿನಲ್ಲಿ ಓದಿ, ಸ್ವಾತಂತ್ರ್ಯದ ಚಳವಳಿಗೆ ಧುಮುಕಿ, ಸೆರೆಮನೆ ಕಂಡು, ಮುಂಬಯಿಯಲ್ಲಿ ಕೆಲಸಕ್ಕಾಗಿ ಅಲೆದು, ಕೊನೆಗೆ ತಾತನ ನೆಲಕ್ಕೆ ಹಿಂದಿರುಗುತ್ತಾನೆ.

ಇಷ್ಟು ಕಥೆ ಕೇಳಿದವರಿಗೆ ಇದು ಹಳ್ಳಿಗೆ ಮರಳಿರಿ ಎಂಬ ಉಪದೇಶದಂತೆ ಕಾಣಬಹುದು. ಕಾದಂಬರಿಯನ್ನು ಓದಿದವರಿಗೆ ಹಾಗೆ ಅನಿಸುವುದಿಲ್ಲ, ಏಕೆಂದರೆ ಅಲ್ಲಿಯ ಮಣ್ಣು ಯಾರನ್ನೂ ಸುಲಭವಾಗಿ ಸಾಕುವುದಿಲ್ಲ. ಉಪ್ಪುನೀರು ನುಗ್ಗುವ ಗದ್ದೆಯಲ್ಲಿ ಬೆನ್ನು ಬಾಗಿಸಿ ನಾಟಿ ಮಾಡುವವರು, ನೆರೆಯಲ್ಲಿ ತೇಲಿ ಬರುವ ಕಟ್ಟಿಗೆಯನ್ನು ಜೀವದ ಹಂಗು ತೊರೆದು ಹಿಡಿದು ದಡಕ್ಕೆಳೆಯುವವರು, ಬೇಸಿಗೆಯಲ್ಲಿ ದನಕರುಗಳ ಮೇವಿಗೂ ಮಳೆಗಾಲದ ಉರುವಲಿಗೂ ಲೆಕ್ಕ ಹಾಕುವವರು ಎಲ್ಲರೂ ಹೆಂಗಸರು. ಐತಾಳ ಪೌರೋಹಿತ್ಯದ ದಕ್ಷಿಣೆಯನ್ನು ಎಣಿಸುತ್ತಿರುವಾಗ ಮನೆಯನ್ನು ನಿಲ್ಲಿಸುತ್ತಿರುವವರು ಪಾರೋತಿ ಮತ್ತು ಸರಸೋತಿ. ಕಾರಂತರು ಈ ದುಡಿಮೆಯನ್ನು ಪುಟಗಟ್ಟಲೆ ವರ್ಣಿಸುತ್ತಾರೆ, ಒಮ್ಮೆಯೂ ಅದನ್ನು ತ್ಯಾಗವೆಂದು ಕರೆದು ಪೂಜೆಗಿಡುವುದಿಲ್ಲ. ಸವತಿಯರ ನಡುವಿನ ಮಾತ್ಸರ್ಯ, ಅತ್ತಿಗೆ ನಾದಿನಿಯರ ಒಲವು, ಹರಿದ ಸೀರೆಯ ಸಂಕೋಚ ಎಲ್ಲವೂ ಆ ದುಡಿಮೆಯ ಜೊತೆಗೇ ಬರುತ್ತವೆ. ಮೊದಲ ತಲೆಮಾರಿನ ಹೆಂಗಸರಲ್ಲಿ ಮೈಯ ದುಡಿಮೆಯಾಗಿದ್ದ ತಾಳ್ಮೆ ನಾಗವೇಣಿಯಲ್ಲಿ ಮನಸ್ಸಿನ ಬಲವಾಗಿ ಮಾರ್ಪಡುತ್ತದೆ. ಅವಳ ಪಿಟೀಲು, ಮಗನನ್ನು ಬೆಳೆಸುವಾಗಿನ ಅವಳ ಎಚ್ಚರ, ಗಂಡನನ್ನು ಕ್ಷಮಿಸಲೂ ಆಗದೆ ಪೂರ್ತಿ ದ್ವೇಷಿಸಲೂ ಆಗದೆ ಇರುವ ಅವಳ ಪಾಡು ಕನ್ನಡ ಕಾದಂಬರಿಯ ಅತ್ಯುತ್ತಮ ಭಾಗಗಳಲ್ಲಿ ಸೇರುತ್ತವೆ.

ಇದರ ಜೊತೆಗೆ 'ಮರಳಿ ಮಣ್ಣಿಗೆ' ಒಂದು ಸೀಮೆಯ ಆರ್ಥಿಕ ಚರಿತ್ರೆಯೂ ಹೌದು. ಕರಾವಳಿಯ ಬ್ರಾಹ್ಮಣ ಕುಟುಂಬಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮುಂದಕ್ಕೆ ಪೌರೋಹಿತ್ಯ ಮತ್ತು ಬೇಸಾಯವನ್ನು ಬಿಟ್ಟು ಹೋಟೆಲ್ ಉದ್ಯಮಕ್ಕೂ ಸರಕಾರಿ ನೌಕರಿಗೂ ವಕೀಲಿಗೂ ಹೇಗೆ ಹೊರಳಿದವು, ಆ ಹೊರಳುವಿಕೆ ಮನೆಗಳೊಳಗಿನ ಸಂಬಂಧಗಳನ್ನು ಹೇಗೆ ಬದಲಿಸಿತು ಎಂಬುದನ್ನು ತಿಳಿಯಬೇಕಾದವರು ಇಂದಿಗೂ ಈ ಪುಸ್ತಕವನ್ನು ಓದಬೇಕು. ಬೆಂಗಳೂರು, ಮದರಾಸು, ಮುಂಬಯಿಗಳ ಉಡುಪಿ ಹೋಟೆಲುಗಳಲ್ಲಿ ಕಾಫಿ ಕುಡಿದವರು ಆ ಗಲ್ಲಾದ ಹಿಂದೆ ಕುಳಿತವರ ಮನೆ ಬಿಟ್ಟ ಕಥೆಯನ್ನು ಇಲ್ಲಿ ಕಾಣಬಹುದು.

ಘಟ್ಟದ ಕಡೆಗೆ ಕಾರಂತರ ನೋಟ ಹೊರಳಿದ್ದು 1943ರ 'ಬೆಟ್ಟದ ಜೀವ' ಮತ್ತು 1951ರ 'ಕುಡಿಯರ ಕೂಸು' ಕಾದಂಬರಿಗಳಲ್ಲಿ. ಸುಬ್ರಹ್ಮಣ್ಯದ ಸೀಮೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕ ಗೋಪಾಲಯ್ಯ ಮತ್ತು ಶಂಕರಮ್ಮನವರ ಮನೆಯಲ್ಲಿ ಕೆಲವು ದಿನ ಉಳಿಯುವುದಷ್ಟೇ 'ಬೆಟ್ಟದ ಜೀವ'ದ ಹೊರಕಥೆ. ಕಾಡು ಕಡಿದು ತೋಟ ಮಾಡಿದ ಮುದುಕ, ಮನೆ ಬಿಟ್ಟುಹೋದ ಮಗನಿಗಾಗಿ ಒಳಗೇ ಕೊರಗುವ ಮುದುಕಿ, ಅವರಿಬ್ಬರ ನಡುವಿನ ಮುಗಿಯದ ಸರಸ. ಗೋಪಾಲಯ್ಯನ ಸಾಹಸವನ್ನು ಮೆಚ್ಚಿಕೊಳ್ಳುವ ಅದೇ ಲೇಖಕ ಮುಂದೆ ಪಶ್ಚಿಮಘಟ್ಟದ ಕಾಡನ್ನು ಉಳಿಸಲು ಹೋರಾಡಿದ್ದು ಕೆಲವರಿಗೆ ವಿರೋಧಾಭಾಸವಾಗಿ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಒಬ್ಬ ಮನುಷ್ಯ ಕೈಯಾರೆ ಕಾಡಿನೊಡನೆ ಸೆಣಸಿ ಬಾಳುವುದು ಬೇರೆ, ಯಂತ್ರಗಳೂ ಯೋಜನೆಗಳೂ ಬಂದು ಕಾಡನ್ನೇ ಇಲ್ಲವಾಗಿಸುವುದು ಬೇರೆ. 'ಕುಡಿಯರ ಕೂಸು' ಮಲೆಕುಡಿಯರ ಬದುಕನ್ನು ಅವರದೇ ನಂಬಿಕೆ ನಡವಳಿಕೆಗಳ ಒಳಗಿನಿಂದ ಹೇಳಲು ಯತ್ನಿಸಿದ ಕೃತಿ. ಅದನ್ನು ಕಾರಂತರೇ ಮುಂದೆ 'ಮಲೆಯ ಮಕ್ಕಳು' ಎಂಬ ಚಲನಚಿತ್ರವಾಗಿ ನಿರ್ದೇಶಿಸಿದರು.

ಕಾದಂಬರಿಗಳ ನಡುವೆಯೇ ನಡೆದ ಯಕ್ಷಗಾನದ ಕೆಲಸವನ್ನು ಇಲ್ಲಿ ಪೂರ್ತಿ ವಿವರಿಸಲು ಸಾಧ್ಯವಿಲ್ಲ, ಆದರೆ ಅದನ್ನು ಬಿಟ್ಟು ಅವರ ಮನಸ್ಸನ್ನು ಅರಿಯುವುದೂ ಸಾಧ್ಯವಿಲ್ಲ. ಹಳೆಯ ಪ್ರಸಂಗಗಳ ಪ್ರತಿಗಳನ್ನು ಹುಡುಕಿ, ಭಾಗವತರನ್ನೂ ವೇಷಧಾರಿಗಳನ್ನೂ ಕಂಡು, ವೇಷಭೂಷಣ ಮತ್ತು ಹಾಡುಗಾರಿಕೆಯ ಮಟ್ಟುಗಳನ್ನು ದಾಖಲಿಸಿ ಬರೆದ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೇಶದ ಮಟ್ಟದಲ್ಲಿ ಅಕಾಡೆಮಿ ಅವರನ್ನು ಗುರುತಿಸಿದ್ದು ಕಾದಂಬರಿಗಾಗಿ ಅಲ್ಲ ಎಂಬುದು ಇಂದು ಹಲವರಿಗೆ ಮರೆತಿದೆ. ಇಷ್ಟು ಶ್ರಮಪಟ್ಟು ಸಂಪ್ರದಾಯವನ್ನು ಅರಿತವರೇ ಆಮೇಲೆ ಮಾತಿಲ್ಲದ ನೃತ್ಯರೂಪಕಗಳನ್ನು ಕಟ್ಟಿದರು, ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದರು, ಸಂಪ್ರದಾಯಸ್ಥರ ಸಿಟ್ಟಿಗೆ ಗುರಿಯಾದರು. ಕಾದಂಬರಿಯಲ್ಲಿಯೂ ಅವರದು ಇದೇ ಕ್ರಮ. ಮೊದಲು ಇರುವುದನ್ನು ಕಣ್ಣಾರೆ ಕಂಡು ಅರಿಯುವುದು, ಆಮೇಲೆ ಅದಕ್ಕೆ ತಲೆಬಾಗದೆ ಪ್ರಶ್ನಿಸುವುದು.

1960ರ ಹೊತ್ತಿಗೆ ಕಾರಂತರ ಆಸಕ್ತಿ ಸೀಮೆಯ ಚಿತ್ರಣದಿಂದ ಬಾಳಿನ ಅರ್ಥದ ವಿಚಾರಣೆಯ ಕಡೆಗೆ ತಿರುಗಿತು. 'ಅಳಿದ ಮೇಲೆ' ಕಾದಂಬರಿಯ ಕಟ್ಟೋಣ ಇಂದಿಗೂ ಹೊಸದಾಗಿ ತೋರುತ್ತದೆ. ರೈಲಿನಲ್ಲಿ ಪರಿಚಯವಾಗಿದ್ದ ಯಶವಂತರಾಯ ಎಂಬ ವ್ಯಕ್ತಿ ಮುಂಬಯಿಯಲ್ಲಿ ತೀರಿಕೊಂಡು, ತನ್ನ ಉಳಿದ ಹಣವನ್ನೂ ಅದನ್ನು ಹಂಚುವ ಹೊಣೆಯನ್ನೂ ನಿರೂಪಕನಿಗೆ ಬಿಟ್ಟುಹೋಗಿದ್ದಾನೆ. ಸತ್ತವನ ಟಿಪ್ಪಣಿಗಳನ್ನು ಓದುತ್ತ, ಅವನ ಸಂಬಂಧಿಕರ ಊರುಗಳಿಗೆ ಹೋಗುತ್ತ, ಒಬ್ಬೊಬ್ಬರೂ ಹೇಳುವ ಬೇರೆಬೇರೆ ಮಾತುಗಳನ್ನು ಕೂಡಿಸುತ್ತ ನಿರೂಪಕ ಆ ಮನುಷ್ಯನನ್ನು ಅರಿಯಲು ಯತ್ನಿಸುತ್ತಾನೆ. ಬದುಕಿರುವಾಗ ನಾವು ಲೋಕದಿಂದ ಪಡೆಯುವುದು ಬಹಳ, ಅದರಲ್ಲಿ ಎಷ್ಟನ್ನು ಹಿಂದಕ್ಕೆ ಕೊಟ್ಟೆವು ಎಂಬ ಋಣದ ಲೆಕ್ಕ ಈ ಕಾದಂಬರಿಯ ತಿರುಳು. ದೇವರು, ಪುನರ್ಜನ್ಮ, ಮೋಕ್ಷಗಳನ್ನು ಒಪ್ಪದ ಕಾರಂತರಿಗೆ ನೈತಿಕತೆಯ ಆಧಾರವಾಗಿ ಉಳಿದದ್ದು ಈ ಋಣಭಾವವೇ. ಅವರ ಸಾರ್ವಜನಿಕ ಬದುಕಿನ ಎಲ್ಲ ಓಡಾಟಗಳ ಹಿಂದೆಯೂ ಇದೇ ಲೆಕ್ಕವನ್ನು ಕಾಣಬಹುದು.

1968ರ 'ಮೂಕಜ್ಜಿಯ ಕನಸುಗಳು' ಅವರಿಗೆ 1977ರ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು. ಕುವೆಂಪು, ಬೇಂದ್ರೆಯವರ ಅನಂತರ ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದು ಮೂರನೆಯ ಸಲ. ಬಾಲ್ಯದಲ್ಲಿಯೇ ವಿಧವೆಯಾದ, ಎಂಬತ್ತರ ಆಸುಪಾಸಿನ ಮೂಕಜ್ಜಿಗೆ ಒಂದು ಶಕ್ತಿಯಿದೆ. ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲ ಅವಳಿಗೆ ಕಣ್ಣೆದುರು ನಡೆದಂತೆ ಕಾಣುತ್ತದೆ. ಮೊಮ್ಮಗ ಸುಬ್ಬರಾಯ ತಂದುಕೊಡುವ ಎಲುಬಿನ ಚೂರು, ಹಳೆಯ ಸಾಮಾನುಗಳನ್ನು ಮುಟ್ಟಿ ಅವಳು ಆದಿಮಾನವರಿಂದ ಹಿಡಿದು ದೇವರುಗಳ ಹುಟ್ಟಿನವರೆಗೆ ಮಾತಾಡುತ್ತಾಳೆ. ಗಂಡು ಹೆಣ್ಣಿನ ಕೂಡಿಕೆಯನ್ನು ಪಾಪವೆಂದು ಕಂಡ ವೈರಾಗ್ಯವನ್ನು, ಸ್ವತಃ ಗಂಡನ ಮುಖವನ್ನೂ ಸರಿಯಾಗಿ ಕಾಣದ ಆ ಮುದುಕಿ, ನಾಚಿಕೆಯಿಲ್ಲದೆ ತರ್ಕಕ್ಕೆ ಒಡ್ಡುತ್ತಾಳೆ. ಬರಿಯ ವಿಚಾರವಾದದ ಪುಸ್ತಕವಾಗಿದ್ದರೆ ಇದು ಎಂದೋ ಹಳತಾಗುತ್ತಿತ್ತು. ಮೂಕಜ್ಜಿಯ ಗೆಳತಿ ತಿಪ್ಪಜ್ಜಿಯೊಡನೆ ನಡೆಯುವ ಮಾತುಕತೆ, ಮನೆಬಿಟ್ಟ ನಾಗಿಯ ಮೇಲೆ ಅವಳಿಗಿರುವ ಅಕ್ಕರೆ, ಅಶ್ವತ್ಥದ ಬುಡದಲ್ಲಿ ಕುಳಿತಿರುವ ಅವಳ ಒಂಟಿತನ ಇವು ಆ ವಿಚಾರಗಳಿಗೆ ಮೈ ಕೊಟ್ಟಿವೆ. ಹಾಗಿದ್ದೂ ಕೆಲವು ಅಧ್ಯಾಯಗಳಲ್ಲಿ ಅಜ್ಜಿಯ ಬಾಯಿಯಲ್ಲಿ ಕಾರಂತರೇ ಮಾತಾಡುತ್ತಿದ್ದಾರೆ ಎಂಬುದನ್ನು ಮರೆಮಾಚಲಾಗದು.

ಅವರ ಕೊನೆಯ ಎರಡು ದಶಕಗಳ ಹಲವು ಕಾದಂಬರಿಗಳಲ್ಲಿ ಈ ದೌರ್ಬಲ್ಯ ಹೆಚ್ಚಾಯಿತು. ರಾಜಕೀಯದ ಕೊಳಕು, ಶಿಕ್ಷಣದ ಅವನತಿ, ಧರ್ಮದ ಹೆಸರಿನ ಸೋಗು ಇವುಗಳ ಮೇಲಿನ ಅವರ ಕೋಪ ನ್ಯಾಯವಾದದ್ದು, ಆದರೆ ಆ ಕೋಪ ಪಾತ್ರಗಳನ್ನು ಬೆಳೆಯಲು ಬಿಡಲಿಲ್ಲ. ಯೌವನದಲ್ಲಿ ಅವರು ಹಿಂದೆ ಸರಿಸಿದ್ದ ಬೋಧಕ, ಲೋಕದ ಸ್ಥಿತಿಯನ್ನು ಕಂಡು, ಮತ್ತೆ ಮುಂದೆ ಬಂದು ನಿಂತ. ಅದೇ ಬೋಧಕನ ಛಲ ಸಾರ್ವಜನಿಕ ಬದುಕಿನಲ್ಲಿ ಮಾತ್ರ ಉಜ್ವಲವಾಗಿ ಬೆಳಗಿತು. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತ 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ತೊಂಬತ್ತು ದಾಟಿದ ಮೇಲೆಯೂ ಹಕ್ಕಿಗಳ ಕುರಿತು ಒಂದು ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು.

ಕಾರಂತರನ್ನು ಮೊದಲ ಸಲ ಓದುವವರು ಜ್ಞಾನಪೀಠದ ಹೆಸರು ನೋಡಿ 'ಮೂಕಜ್ಜಿಯ ಕನಸುಗಳು' ಕೃತಿಯಿಂದಲೇ ಆರಂಭಿಸುವುದು ರೂಢಿ. ಆ ಕ್ರಮ ಸರಿಯಲ್ಲವೆಂದು ನಾನು ಭಾವಿಸುತ್ತೇನೆ. ಅಲ್ಲಿಯ ಚರ್ಚೆಗಳಿಗೆ ಹಿನ್ನೆಲೆಯಾಗಿರುವ ನೆಲ, ಜನ, ಮನೆತನಗಳ ಪರಿಚಯವಿಲ್ಲದವರಿಗೆ ಅದು ಬರಿಯ ವಾದವಾಗಿ ಕಾಣುವ ಅಪಾಯವಿದೆ. ಒಂದು ಸಂಜೆಯಲ್ಲಿ ಮುಗಿಯುವ 'ಚೋಮನ ದುಡಿ'ಯನ್ನು ಮೊದಲು ಓದಿ, ಆಮೇಲೆ ಬಿಡುವು ಮಾಡಿಕೊಂಡು 'ಮರಳಿ ಮಣ್ಣಿಗೆ'ಯನ್ನು ಓದುವುದು ಒಳ್ಳೆಯದು. ಅದರ ಮೊದಲ ನೂರು ಪುಟಗಳ ನಿಧಾನಗತಿಗೆ ಬೇಸರಪಡಬಾರದು, ಆ ಪುಟಗಳಲ್ಲಿಯೇ ಪಾರೋತಿ ಮತ್ತು ಸರಸೋತಿ ಇದ್ದಾರೆ. ಅನಂತರ 'ಬೆಟ್ಟದ ಜೀವ', ಅದರ ಬೆನ್ನಿಗೆ 'ಅಳಿದ ಮೇಲೆ'. ಇಷ್ಟನ್ನು ಓದಿದವರು ಮೂಕಜ್ಜಿಯ ಬಳಿಗೆ ಹೋದರೆ ಅವಳ ಮಾತುಗಳಲ್ಲಿ ಯಾವುದು ಅವಳದು, ಯಾವುದು ಕಾರಂತರದು ಎಂಬುದನ್ನು ತಾವೇ ಬೇರ್ಪಡಿಸಿಕೊಳ್ಳಬಲ್ಲರು. ಆತ್ಮಕಥೆಯನ್ನು ಇವೆಲ್ಲದರ ಕೊನೆಗೆ ಇಟ್ಟುಕೊಳ್ಳುವುದು ಮೇಲು, ಏಕೆಂದರೆ ಚೋಮ, ನಾಗವೇಣಿ, ಗೋಪಾಲಯ್ಯರನ್ನು ಮೊದಲೇ ಬಲ್ಲವರಿಗೆ ಅಲ್ಲಿಯ ಸೋಲುಗಳು ಒಬ್ಬ ಕಾದಂಬರಿಕಾರನ ಶಿಕ್ಷಣವಾಗಿ ಕಾಣುತ್ತವೆ.